ದತ್ತಿ, ಭಾಷೆ, ಶ್ರೋತೃ: ಉಚಿತ ಉಪನ್ಯಾಸಗಳ ನಾಲ್ಕು ಶತಮಾನಗಳು

ವಿದ್ಯೆಯನ್ನು ಮಾರಬಾರದೆಂಬುದು ನಮ್ಮ ಹಿರಿಯರ ನಿಲುವು. ಆದರೆ ಹೇಳುವವನಿಗೂ ಹಸಿವುಂಟು, ಕೂಡುವ ಸಭೆಗೂ ಸೂರು ಬೇಕು. ಈ ತೊಡಕನ್ನು ಬಿಡಿಸಿದ್ದು ದತ್ತಿಯೆಂಬ ಏರ್ಪಾಡು. ಅಧ್ಯಾಪಕರಿಗೂ ಪುರಾಣ ಹೇಳುವ ಭಟ್ಟರಿಗೂ ಭೂಮಿಯನ್ನು ಬಿಟ್ಟುಕೊಟ್ಟ ಉಲ್ಲೇಖಗಳು ಕರ್ನಾಟಕದ ಶಾಸನಗಳಲ್ಲಿ ಹೇರಳವಾಗಿವೆ. ಕೇಳಲು ಬಂದವನು ಕಾಸು ಕೊಡಬೇಕಾಗಿರಲಿಲ್ಲ. ಅವನ ಪರವಾಗಿ ದಾನಿಯೊಬ್ಬನು ಎಂದೋ ಕೊಟ್ಟಿರುತ್ತಿದ್ದನು. ಇದೇ ಆಲೋಚನೆಯು ಸಮುದ್ರದಾಚೆ ಲಂಡನ್ ನಗರದಲ್ಲಿ ವರ್ತಕನೊಬ್ಬನ ಉಯಿಲಿನ ರೂಪದಲ್ಲಿ ಕಾಣಿಸಿಕೊಂಡಿತು. ಅದರ ಏಳುಬೀಳುಗಳ ಕಥೆ ನಮಗೂ ಬೋಧಪ್ರದವಾಗಿದೆ.

ಸರ್ ಥಾಮಸ್ ಗ್ರೆಷಮ್ ಎಲಿಜಬೆತ್ ರಾಣಿಯ ಕಾಲದ ದೊಡ್ಡ ವ್ಯಾಪಾರಿ. ಲಂಡನ್ನಿನ ವರ್ತಕರು ಸೇರಿ ವ್ಯವಹರಿಸಲು ‘ರಾಯಲ್ ಎಕ್ಸ್‌ಚೇಂಜ್’ ಎಂಬ ಕಟ್ಟಡವನ್ನು ಕಟ್ಟಿಸಿದವನು ಇವನೇ. 1579ರಲ್ಲಿ ತೀರಿಕೊಂಡ ಈತನು, ಆ ಕಟ್ಟಡದ ಬಾಡಿಗೆಯ ಉತ್ಪನ್ನದಿಂದ ಏಳು ಮಂದಿ ಪ್ರಾಧ್ಯಾಪಕರಿಗೆ ವರ್ಷಕ್ಕೆ ತಲಾ 50 ಪೌಂಡು ವೇತನ ಸಲ್ಲಬೇಕೆಂದೂ, ಅವರು ತನ್ನ ಮನೆಯಲ್ಲೇ ವಾಸಮಾಡುತ್ತ ನಗರದ ಜನರಿಗೆ ಉಪನ್ಯಾಸಗಳನ್ನು ನೀಡಬೇಕೆಂದೂ ಉಯಿಲು ಬರೆದಿದ್ದನು. ಪತ್ನಿಯ ಮರಣಾನಂತರ, 1597ರಲ್ಲಿ, ಗ್ರೆಷಮ್ ಕಾಲೇಜು ಪ್ರಾರಂಭವಾಯಿತು. ದೇವತಾಶಾಸ್ತ್ರ, ಖಗೋಳ, ರೇಖಾಗಣಿತ, ಸಂಗೀತ, ನ್ಯಾಯ, ವೈದ್ಯ, ವಾಕ್ಕಲೆ ಇವೇ ಆ ಏಳು ವಿಷಯಗಳು. ಪರೀಕ್ಷೆಯಿಲ್ಲ, ಪದವಿಯಿಲ್ಲ, ಪ್ರವೇಶಶುಲ್ಕವಿಲ್ಲ.

ಈ ವ್ಯವಸ್ಥೆಯಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಭಾಷೆಯ ವಿಚಾರ. ಆ ಕಾಲದಲ್ಲಿ ಯುರೋಪಿನ ವಿಶ್ವವಿದ್ಯಾಲಯಗಳ ಭಾಷೆ ಲ್ಯಾಟಿನ್. ಗ್ರೆಷಮ್ ಕಾಲೇಜಿನಲ್ಲಾದರೋ ಬೆಳಿಗ್ಗೆ ಲ್ಯಾಟಿನ್ನಿನಲ್ಲಿ ಹೇಳಿದುದನ್ನೇ ಮಧ್ಯಾಹ್ನ ಇಂಗ್ಲಿಷಿನಲ್ಲಿ ಹೇಳಬೇಕೆಂಬ ನಿಯಮವಿತ್ತು. ಸಂಗೀತದ ಪ್ರಥಮ ಪ್ರಾಧ್ಯಾಪಕ ಜಾನ್ ಬುಲ್‌ಗೆ ಲ್ಯಾಟಿನ್ ಬಾರದಿದ್ದುದರಿಂದ ಆತನಿಗೆ ಇಂಗ್ಲಿಷೊಂದರಲ್ಲೇ ಮಾತನಾಡಲು ಅನುಮತಿ ದೊರೆಯಿತು. ರೇಖಾಗಣಿತದ ಪ್ರಥಮ ಪ್ರಾಧ್ಯಾಪಕ ಹೆನ್ರಿ ಬ್ರಿಗ್ಸ್. ನೇಪಿಯರ್ ಕಂಡುಹಿಡಿದ ಲಾಗರಿದಮ್ ಗಣಿತವನ್ನು ಹತ್ತರ ಆಧಾರಕ್ಕೆ ತಂದು ಬಳಕೆಗೆ ಸುಲಭಗೊಳಿಸಿದ ವಿದ್ವಾಂಸನಾತ. ಕಡಲಯಾನದ ಲೆಕ್ಕಾಚಾರಕ್ಕೆ ಬೇಕಾಗಿದ್ದ ಇಂತಹ ವಿದ್ಯೆಯು ಪಂಡಿತರ ಗುಂಪನ್ನು ದಾಟಿ ನಗರದ ಜನರ ನಡುವೆ ಬಂದುದು, ಅದು ಅವರ ಮನೆಮಾತಿನಲ್ಲಿ ದೊರೆತುದರಿಂದ.

1660ರ ನವೆಂಬರ್ 28ರಂದು ಇದೇ ಕಾಲೇಜಿನಲ್ಲಿ ಕ್ರಿಸ್ಟೋಫರ್ ರೆನ್ ನೀಡಿದ ಖಗೋಳ ಉಪನ್ಯಾಸವು ಮುಗಿದ ಮೇಲೆ ಕೆಲವರು ಉಳಿದುಕೊಂಡು ಮಾತನಾಡಿದರು. ಆ ಗೋಷ್ಠಿಯಿಂದ ಜನಿಸಿದ್ದೇ ಜಗತ್ಪ್ರಸಿದ್ಧವಾದ ರಾಯಲ್ ಸೊಸೈಟಿ. ಉಪನ್ಯಾಸದ ಫಲವು ಹಲವೊಮ್ಮೆ ಅದು ಮುಗಿದ ಮೇಲಿನ ಮಾತುಕತೆಯಲ್ಲಿರುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಆದರೆ ಮುಂದಿನ ಕಥೆ ಅಷ್ಟು ಹಿತಕರವಾದುದಲ್ಲ. 1665ರಿಂದ ಅಲ್ಲಿ ಪ್ರಾಧ್ಯಾಪಕನಾಗಿದ್ದ ಮಹಾವಿಜ್ಞಾನಿ ರಾಬರ್ಟ್ ಹುಕ್, ತನ್ನ ಉಪನ್ಯಾಸಕ್ಕೆ ಕೇಳುಗರು ಯಾರೂ ಬಾರದಿದ್ದ ದಿನಗಳನ್ನು ದಿನಚರಿಯಲ್ಲಿ ಗುರುತುಹಾಕಿಟ್ಟಿದ್ದಾನೆ. ಹದಿನೆಂಟನೆಯ ಶತಮಾನದ ಹೊತ್ತಿಗೆ ಪ್ರಾಧ್ಯಾಪಕರಲ್ಲಿಯೂ ಆಸಕ್ತಿ ಬತ್ತಿತು. ವೇತನ ಸಲ್ಲುತ್ತಿತ್ತು, ಪಾಠ ಕುಂಟುತ್ತಿತ್ತು. 1768ರಲ್ಲಿ ಗ್ರೆಷಮನ ಮನೆಯನ್ನೇ ಕೆಡವಲಾಯಿತು. ಏಳು ಪೀಠಗಳ ಕಾಲೇಜು ಎಕ್ಸ್‌ಚೇಂಜ್ ಕಟ್ಟಡದ ಒಂದು ಕೊಠಡಿಗೆ ಇಳಿಯಿತು. 1843ರಲ್ಲಿ ಅದಕ್ಕೆ ಹೊಸ ಕಟ್ಟಡ ದೊರೆತು ಮತ್ತೆ ಚೇತರಿಕೆ ಕಂಡಿತು. ಇಂದಿಗೂ ಅದರ ಉಪನ್ಯಾಸಗಳು ಉಚಿತವಾಗಿಯೇ ನಡೆಯುತ್ತಿವೆ. ಅಂತರಜಾಲದ ಮೂಲಕ ಲೋಕದ ಯಾವ ಮೂಲೆಯಲ್ಲಿದ್ದವರೂ ಕೇಳಬಹುದಾಗಿದೆ. ದತ್ತಿಯು ಪೀಠವನ್ನು ಉಳಿಸಬಲ್ಲದು, ಶ್ರೋತೃವನ್ನು ಕರೆತರಲಾರದು. ಇದು ಆ ನಡುಗಾಲದ ಪಾಠ.

ನಮ್ಮ ದೇಶಕ್ಕೆ ಬಂದರೆ, ನಾವು ನೆಲೆಸಿರುವ ಪುಣೆಯಲ್ಲೇ 1875ರಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ‘ವಸಂತ ವ್ಯಾಖ್ಯಾನಮಾಲೆ’ಯನ್ನು ಪ್ರಾರಂಭಿಸಿದರು. ಬೇಸಗೆಯ ದಿನಗಳಲ್ಲಿ ನಡೆಯುವ ಈ ಜ್ಞಾನಸತ್ರವು ಮರಾಠಿಯಲ್ಲಿ ಗಂಭೀರ ವಿಷಯಗಳನ್ನು ಹೇಳುವ ವಾಗ್ಮಿಗಳನ್ನೂ ಕೇಳುವ ಸಮಾಜವನ್ನೂ ಒಟ್ಟಿಗೆ ಬೆಳೆಸಿತು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಕನ್ನಡದಲ್ಲಿ ಅದೇ ಕೆಲಸವನ್ನು ಮಾಡಿದವು. ಪ್ರಾಧ್ಯಾಪಕರು ಊರೂರಿಗೆ ಹೋಗಿ ಹೇಳಿದುದು ಸಣ್ಣ ಹೊತ್ತಗೆಗಳಾಗಿ ಮನೆಮನೆಯನ್ನು ಸೇರಿತು. ರಾನಡೆಯವರ ಶಿಷ್ಯರಾದ ಗೋಖಲೆಯವರ ಹೆಸರಿನಲ್ಲಿ ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿಯ ಅಧ್ಯಯನಗೋಷ್ಠಿಯಲ್ಲಿ ಅವರು ಮಾಡಿದ ಗೀತಾವ್ಯಾಖ್ಯಾನವೇ ‘ಜೀವನಧರ್ಮಯೋಗ’ವೆಂಬ ಗ್ರಂಥವಾಗಿ, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ತಾರುಣ್ಯದಲ್ಲೇ ಶಾಲಾವಿದ್ಯಾಭ್ಯಾಸವನ್ನು ನಿಲ್ಲಿಸಬೇಕಾಗಿ ಬಂದ ಗುಂಡಪ್ಪನವರು ಎಂಬತ್ತು ದಾಟಿದ ಮೇಲೂ ಕಲಿಯುತ್ತ ಕಲಿಸುತ್ತ ಇದ್ದರು.

ನಿವೃತ್ತರನ್ನೇ ಉದ್ದೇಶಿಸಿದ ವಿದ್ಯಾಸಂಸ್ಥೆಗಳು ಹುಟ್ಟಿದ್ದು ಇನ್ನೂ ಈಚೆಗೆ. ಆಯುಷ್ಯ ಹೆಚ್ಚಿತು, ಪಿಂಚಣಿಯ ಪದ್ಧತಿ ಬಂದಿತು. ದುಡಿಮೆಯ ತರುವಾಯ ಆರೋಗ್ಯದಿಂದ ಕಳೆಯಬಹುದಾದ ಅನೇಕ ವರ್ಷಗಳು ಮನುಷ್ಯನ ಪಾಲಿಗೆ ಹೊಸದಾಗಿ ಒದಗಿದವು. ಫ್ರಾನ್ಸಿನ ತುಲೂಸ್ ನಗರದಲ್ಲಿ 1973ರಲ್ಲಿ ಪ್ರಾಧ್ಯಾಪಕ ಪಿಯೆರ್ ವೆಲಾ ಅವರು ಇಂತಹವರಿಗಾಗಿ ‘ತೃತೀಯ ವಯಸ್ಸಿನ ವಿಶ್ವವಿದ್ಯಾಲಯ’ವನ್ನು ತೆರೆದರು. ಅಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಹೇಳುತ್ತಿದ್ದರು, ವೃದ್ಧರು ಕೇಳುತ್ತಿದ್ದರು. 1980ರ ದಶಕದ ಆರಂಭದಲ್ಲಿ ಈ ಕಲ್ಪನೆಯನ್ನು ಬ್ರಿಟನ್ನಿಗೆ ತಂದ ಪೀಟರ್ ಲ್ಯಾಸ್ಲೆಟ್, ಮೈಕೇಲ್ ಯಂಗ್, ಎರಿಕ್ ಮಿಡ್‌ವಿಂಟರ್ ಇವರು ಒಂದು ಮುಖ್ಯವಾದ ಮಾರ್ಪಾಡನ್ನು ಮಾಡಿದರು. ವೇತನದ ಅಧ್ಯಾಪಕರು ಬೇಡ. ಬಲ್ಲ ಸದಸ್ಯನೇ ಉಳಿದವರಿಗೆ ಕಲಿಸಲಿ, ತಾನರಿಯದುದನ್ನು ಇತರರಿಂದ ಕಲಿಯಲಿ ಎಂದರು. ದೊಡ್ಡ ದತ್ತಿಯೂ ಬೇಕಾಗಲಿಲ್ಲ. ಅಲ್ಪ ಸದಸ್ಯತ್ವಶುಲ್ಕವೇ ಸಾಕಾಯಿತು. ಆ ದೇಶದಲ್ಲಿ ಇಂದು ಇಂತಹ ಸಂಘಗಳು ಸಾವಿರಕ್ಕೂ ಮೀರಿವೆ. ಖಾಲಿ ಸಭಾಂಗಣದ ಸಮಸ್ಯೆಗೆ ದೊರೆತ ಪರಿಹಾರವಿದು: ಶ್ರೋತೃವೇ ವಕ್ತೃವಾದಾಗ ಸಭೆ ಬರಿದಾಗದು.

ಈ ಇತಿಹಾಸವನ್ನು ಹೊರನಾಡಿನ ಕನ್ನಡಿಗರಾದ ನಾವು ನಮ್ಮ ಮನೆಗಳ ಕಡೆಗೆ ತಿರುಗಿಸಿ ನೋಡಬೇಕಾಗಿದೆ. ರೈಲ್ವೆಯಲ್ಲಿ, ಬ್ಯಾಂಕಿನಲ್ಲಿ, ಕಾರ್ಖಾನೆಗಳಲ್ಲಿ, ಶಾಲೆಗಳಲ್ಲಿ ಮೂರು ನಾಲ್ಕು ದಶಕ ದುಡಿದು ವಿಶ್ರಾಂತರಾದ ಹಿರಿಯರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ದಾಸರ ಪದಗಳ ಪಾಠವನ್ನೂ ಧಾಟಿಯನ್ನೂ ಅಜ್ಜಿಯಿಂದ ಕೇಳಿ ಕಲಿತ ತಾಯಂದಿರು, ಮೋಡಿ ಲಿಪಿಯ ಕಾಗದಗಳನ್ನು ಓದಬಲ್ಲವರು, ಸೇತುವೆ ಕಟ್ಟುವುದನ್ನು ಬಲ್ಲವರು, ಪಂಚಾಂಗದ ಗಣಿತವನ್ನು ಬಲ್ಲವರು ಇದ್ದಾರೆ. ಇವರಲ್ಲಿ ಒಬ್ಬೊಬ್ಬರು ಅಗಲಿದಾಗಲೂ ಒಂದೊಂದು ವಿದ್ಯೆಯು ಬರೆಯದೆ, ಹೇಳದೆ ಹೊರಟುಹೋಗುತ್ತದೆ. ಮನೆಯ ಮಕ್ಕಳಿಗೆ ಕನ್ನಡದಲ್ಲಿ ಗಂಭೀರ ವಿಷಯವನ್ನು ಕೇಳುವ ಸಂದರ್ಭವೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.

ಮಠದ ಶಾಖೆಯ ಸಭಾಂಗಣವೇನೋ ಇದೆ. ಅದು ಪೂರ್ವಿಕರ ದತ್ತಿಯ ಫಲ. ಭಾಷೆಯೂ ಇನ್ನೂ ನಮ್ಮ ನಾಲಗೆಯ ಮೇಲಿದೆ. ವಾರಕ್ಕೊಂದು ಗಂಟೆ, ಒಬ್ಬರು ಬಲ್ಲುದನ್ನು ಹತ್ತು ಮಂದಿ ಕೇಳಿ, ಮುಗಿದ ಮೇಲೆ ಅರ್ಧ ಗಂಟೆ ಕುಳಿತು ಚರ್ಚಿಸುವ ಒಂದು ಗೋಷ್ಠಿಗೆ ಹಣದ ಅಗತ್ಯ ಬಹಳವಿಲ್ಲ. ಬೇಕಾಗಿರುವುದು ಮಳೆಯಿರಲಿ, ಬಿಸಿಲಿರಲಿ, ತಪ್ಪದೆ ಬಂದು ಕೂಡುವ ಹತ್ತು ಮಂದಿ. ದಾನಿಗಳ ಹೆಸರನ್ನು ನಾವು ಶಿಲಾಫಲಕದಲ್ಲಿ ಕೆತ್ತಿಸುತ್ತೇವೆ, ಅದು ಉಚಿತವೇ. ತಪ್ಪದೆ ಬಂದು ಕೇಳುವವನ ಹೆಸರನ್ನು ಯಾವ ಫಲಕವೂ ಹೇಳದು. ಆದರೆ ಫಲಕವಿರುವ ಮನೆಯಲ್ಲಿ ದೀಪವು ಉರಿಯುತ್ತಿರುವುದು ಅವನಿಂದಲೇ.