ಹಾಲುಹಲ್ಲಿನಲ್ಲಿ ಸಿಕ್ಕ ಸೀಸ

ಮೈಸೂರು ರಸ್ತೆಯ ನಮ್ಮ ಗ್ಯಾರೇಜಿನಲ್ಲಿ ಅಪ್ಪ ಪೈಪನ್ನು ಬಾಯಲ್ಲೇ ಎಳೆದು ಟ್ಯಾಂಕಿನಿಂದ ಪೆಟ್ರೋಲ್ ತೆಗೆಯುತ್ತಿದ್ದರು. ಕೆಲಸದ ಹುಡುಗರು ಅದರಲ್ಲೇ ಗ್ರೀಸಿನ ಕೈ ತೊಳೆಯುತ್ತಿದ್ದರು. ಅದರಲ್ಲಿ ಸೀಸ ಬೆರೆತಿದೆಯೆಂದು ನಮಗೆ ಯಾರೂ ಹೇಳಲಿಲ್ಲ.

ಎಂಜಿನ್ನಿನ ಬಡಿತ ತಡೆಯಲು ಅಮೆರಿಕದಲ್ಲಿ 1923ರಿಂದ ಸೀಸದ ಪೆಟ್ರೋಲ್ ಮಾರತೊಡಗಿದರು. ಮರುವರ್ಷವೇ ನ್ಯೂಜೆರ್ಸಿಯಲ್ಲಿ ಅದಕ್ಕೆ ಬೆರೆಸುವ ಸೀಸದ ದ್ರವ ತಯಾರಿಸುತ್ತಿದ್ದ ಕೆಲವು ಕೆಲಸಗಾರರು ಚಿತ್ತಭ್ರಮೆಗೊಳಗಾಗಿ ಸತ್ತರು. ಆದರೂ ಕೆಲಕಾಲ ನಿಂತ ವ್ಯಾಪಾರ ಮತ್ತೆ ಶುರುವಾಯಿತು. ಇದನ್ನು ನಾನು ಕ್ಷಮಿಸಲಾರೆ. ಸೀಸ ಮಕ್ಕಳಿಗೆ ಮಾಡುವ ಹಾನಿಯ ಬಗ್ಗೆ 1979ರಲ್ಲಿ ವೈದ್ಯ ಹರ್ಬರ್ಟ್ ನೀಡಲ್‌ಮನ್ ಪ್ರಕಟಿಸಿದ ಅಧ್ಯಯನಕ್ಕೆ ಸಾಕ್ಷಿಯಾದದ್ದು ಬಾಸ್ಟನ್ ಬಳಿಯ ಶಾಲಾಮಕ್ಕಳ ಉದುರಿದ ಹಾಲುಹಲ್ಲುಗಳು. ಮೂಳೆಯಂತೆ ಹಲ್ಲೂ ಸೀಸವನ್ನು ವರ್ಷಗಟ್ಟಲೆ ಹಿಡಿದಿಡುತ್ತದೆ. ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು, ಕಾಯಿಲೆಯ ಲಕ್ಷಣವೇ ಇಲ್ಲದಿದ್ದರೂ, ಬುದ್ಧಿಮತ್ತೆಯ ಪರೀಕ್ಷೆಯಲ್ಲೂ ತರಗತಿಯ ಗಮನದಲ್ಲೂ ಹಿಂದಿದ್ದರು.

ನಮ್ಮಲ್ಲಿ ಸೀಸರಹಿತ ಪೆಟ್ರೋಲ್ 1995ರಲ್ಲಿ ಮೊದಲು ಬಂದದ್ದು ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈಗಳಿಗೆ. ಇಡೀ ದೇಶಕ್ಕೆ ಅದೇ ಕಡ್ಡಾಯವಾದದ್ದು 2000ದ ಫೆಬ್ರವರಿಯಲ್ಲಿ. ವಾಹನಗಳಿಗೆ ಸೀಸದ ಪೆಟ್ರೋಲ್ ಮಾರುವುದನ್ನು ನಿಲ್ಲಿಸಿದ ಕೊನೆಯ ದೇಶ ಅಲ್ಜೀರಿಯಾ, 2021ರಲ್ಲಿ.

ಸೀಸ ಹೋಯಿತು, ಹೊಗೆ ಉಳಿಯಿತು. ಅದರ ಸೂಕ್ಷ್ಮ ಕಣಗಳು ಮಕ್ಕಳ ಶ್ವಾಸಕೋಶದ ಬೆಳವಣಿಗೆಯನ್ನು ಕುಗ್ಗಿಸುತ್ತವೆ. ಇಂದಿಗೂ ಶಾಲೆಯ ಗೇಟಿನೆದುರು ಡೀಸೆಲ್ ವ್ಯಾನುಗಳು ಎಂಜಿನ್ ಆರಿಸದೆ ಸಾಲಾಗಿ ನಿಂತಿರುತ್ತವೆ, ಹೊಗೆ ಕೊಳವೆ ಸರಿಯಾಗಿ ಮಗುವಿನ ಮುಖದ ಮಟ್ಟಕ್ಕೆ. ಡೀಸೆಲ್ ಬಿಡಿಸುವ ಕೆಲಸ ಶಾಲಾ ವಾಹನಗಳಿಂದಲೇ, ಈ ವರ್ಷವೇ ಶುರುವಾಗಲಿ ಎಂಬುದು ನನ್ನ ಒತ್ತಾಯ.