ಕಳ್ಳ, ಪೊಲೀಸು, ನಗು: ಕೊಳ್ಳೇಗಾಲದಿಂದ ಕಂಡ ಕನ್ನಡ ಅಪರಾಧ ಸಿನಿಮಾ

ಕನ್ನಡ ಸಿನಿಮಾದ ಹಾಸ್ಯ ದೃಶ್ಯದಲ್ಲಿ ಕೊಳ್ಳೇಗಾಲದ ಹೆಸರು ಬಂತೆಂದರೆ ಅದರ ಬೆನ್ನಿಗೇ ಮಾಟ, ನಿಂಬೆಹಣ್ಣು, ಕುಂಕುಮ ಬರುತ್ತವೆ. ಅಪರಾಧದ ಕಥೆಯಲ್ಲಿ ನಮ್ಮ ಸೀಮೆ ಬಂದರೆ ಅಲ್ಲಿ ಕಾಡು, ಗಂಧದ ತುಂಡು, ಹುರಿಮೀಸೆ. ಕೊಳ್ಳೇಗಾಲದ ರೇಷ್ಮೆ ಮಗ್ಗ, ಯಳಂದೂರಿನ ಬಳೆಮಂಟಪ, ಚಿಕ್ಕಲ್ಲೂರು ಜಾತ್ರೆಯ ಇರುಳು, ಹನೂರಿನ ಕಡೆಯ ಮಳೆ ನೆಚ್ಚಿದ ಹೊಲ ಇವೆಲ್ಲ ತೆರೆಯ ಹೊರಗೇ ಉಳಿದಿವೆ. ಕಳ್ಳ-ಪೊಲೀಸ್ ಚಿತ್ರಗಳನ್ನೂ ನಗೆಚಿತ್ರಗಳನ್ನೂ ಒಂದೇ ಆಸೆಯಿಂದ ನೋಡಿಕೊಂಡು ಬಂದ ಈ ಸೀಮೆಯ ಪ್ರೇಕ್ಷಕನಾಗಿ ನನಗೆ ಇದು ನೋವಿನ ವಿಷಯ. ಆ ನೋವನ್ನು ಇಟ್ಟುಕೊಂಡೇ ಅರವತ್ತು ವರ್ಷಗಳ ಹಾದಿಯನ್ನು ಹಿಂತಿರುಗಿ ನೋಡಿದಾಗ ಒಂದು ಮಾತು ನಿಚ್ಚಳವಾಗಿ ಕಾಣುತ್ತದೆ. ಕನ್ನಡದ ಅಪರಾಧ ಚಿತ್ರ ಯಾವುದಾದರೊಂದು ಊರಿಗೆ ಇಳಿದು, ಆ ಊರಿನ ಬಾಯಿಂದ ಮಾತಾಡಿದಾಗಲೆಲ್ಲ ಮೇಲೆದ್ದಿದೆ. ಅದರೊಳಗಿನ ನಗುವೂ ಆಗಲೇ ಹುಟ್ಟಿದೆ.

ನಮ್ಮ ಹಿರಿಯರ ಸಿನಿಮಾ ರುಚಿ ಎರಡು ಕಡೆಯಿಂದ ಬಂದದ್ದು. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿದ್ದ ಊರು, ಮೈಸೂರಿಗೆ ಸೇರಿತ್ತು. ಹನೂರನ್ನು ಒಳಗೊಂಡ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯದು. ಅತ್ತ ಸೇಲಂನ ಮಾಡರ್ನ್ ಥಿಯೇಟರ್ಸ್ 1966ರಲ್ಲಿ ಜೈಶಂಕರ್ ಅವರನ್ನು ಪತ್ತೇದಾರನಾಗಿಸಿ ‘ವಲ್ಲವನ್ ಒರುವನ್’ ತೆಗೆದರೆ, ಇತ್ತ ಎರಡೇ ವರ್ಷಕ್ಕೆ ದೊರೆ-ಭಗವಾನ್ ಜೋಡಿ ‘ಜೇಡರ ಬಲೆ’ ತಂದಿತು. ರಾಜ್‌ಕುಮಾರ್ ಸಿಐಡಿ 999 ಆದರು. ಅದೇ 1968ರಲ್ಲಿ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಆಮೇಲೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಬೇಡರ ಕಣ್ಣಪ್ಪನಾಗಿ ತೆರೆಗೆ ಬಂದ, ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರನ್ನು ಹೆಸರಿನಲ್ಲೇ ಹೊತ್ತಿದ್ದ ಮುತ್ತುರಾಜ, ಅಂದರೆ ಇದೇ ರಾಜ್‌ಕುಮಾರ್, ಕೋಟು ತೊಟ್ಟು ಪಿಸ್ತೂಲು ಹಿಡಿದಾಗ ಕನ್ನಡಿಗರಿಗೆ ಆದ ಪುಳಕ ಸಣ್ಣದಲ್ಲ. ಇಂಗ್ಲಿಷ್ ಬಾಂಡ್ ಚಿತ್ರಗಳ ಹೊಳಪನ್ನು ಕಡಿಮೆ ದುಡ್ಡಿನಲ್ಲಿ, ಮೈಸೂರು ಮದ್ರಾಸಿನ ಸ್ಟುಡಿಯೋಗಳ ಅಳತೆಯಲ್ಲಿ ಕಟ್ಟಿದ ಧೈರ್ಯವೂ ದೊಡ್ಡದು. ಜಿ.ಕೆ. ವೆಂಕಟೇಶ್ ಸಂಗೀತ ಇವತ್ತಿಗೂ ಹೊಸದಾಗಿಯೇ ಕೇಳುತ್ತದೆ. ಆದರೆ ಆ ಅಪರಾಧಕ್ಕೆ ಊರಿಲ್ಲ. ಖಳನ ಅಡ್ಡೆ ಎಲ್ಲಿಯದಾದರೂ ನಡೆಯುತ್ತಿತ್ತು. ಹಾಸ್ಯ ನಟರ ದೃಶ್ಯಗಳು ತನಿಖೆಯ ನಡುವಿನ ಬಿಡುವಿನಂತೆ ಬರುತ್ತಿದ್ದವೇ ಹೊರತು ತನಿಖೆಯೊಳಗಿಂದ ನಗು ಹುಟ್ಟುತ್ತಿರಲಿಲ್ಲ.

1973ರ ‘ಗಂಧದ ಗುಡಿ’ಯನ್ನು ಯಾರೂ ಅಪರಾಧ ಚಿತ್ರಗಳ ಸಾಲಿನಲ್ಲಿ ಹೇಳುವುದಿಲ್ಲ. ನಾನು ಹೇಳುತ್ತೇನೆ. ಕಾಡಿನ ಕಳ್ಳಸಾಗಣೆಯನ್ನು ಕಥೆಯ ಮಧ್ಯಕ್ಕೆ ತಂದು ನಿಲ್ಲಿಸಿದ ಚಿತ್ರ ಅದು. ಅರಣ್ಯಾಧಿಕಾರಿ ನಾಯಕನಾಗಬಹುದು ಎಂದು ಹೇಳಿಕೊಟ್ಟದ್ದೂ ಅದೇ. ಆ ಕಥೆ ಎರಡು ದಶಕದೊಳಗೆ ನಮ್ಮ ಕಾಡಿನಲ್ಲಿ ನಿಜವಾಗಿ, ತುಂಬ ಕ್ರೂರವಾಗಿ ನಡೆಯಿತು. ಆ ಮಾತಿಗೆ ಮುಂದೆ ಬರುತ್ತೇನೆ.

ಕಳ್ಳನನ್ನೂ ನಗುವನ್ನೂ ಮೊದಲ ಸಲ ಒಂದೇ ಮೈಯೊಳಗೆ ಇಟ್ಟವರು ಶಂಕರ್‌ನಾಗ್. 1980ರ ‘ಮಿಂಚಿನ ಓಟ’ ಅವರು ನಿರ್ದೇಶಿಸಿದ ಮೊದಲ ಚಿತ್ರ. ಕಾರು ಕದ್ದು ಬದುಕುವ ಮೂವರು: ಅನಂತನಾಗ್, ಶಂಕರ್‌ನಾಗ್, ಮುಪ್ಪಿನ ಲೋಕನಾಥ್. ಇವರು ದೊಡ್ಡ ಖಳರೂ ಅಲ್ಲ, ಬಡವರಿಗೆ ಹಂಚುವ ಪುಣ್ಯಾತ್ಮರೂ ಅಲ್ಲ. ಕದಿಯುವುದು ಇವರ ಕಸುಬು. ಆ ಕಸುಬಿನ ಕೈಚಳಕ ನೋಡುತ್ತ ನಾವು ನಗುತ್ತೇವೆ. ಜೈಲಿನಿಂದ ತಪ್ಪಿಸಿಕೊಳ್ಳುವ ಹೊತ್ತಿಗೆ ಅದೇ ಮುಖಗಳ ಬಗ್ಗೆ ಗಂಟಲು ಕಟ್ಟುತ್ತದೆ. ಹಾಸ್ಯಕ್ಕೊಂದು ಬೇರೆ ಪಾತ್ರ, ಬೇರೆ ದೃಶ್ಯ ಬೇಕಾಗಲಿಲ್ಲ. ರಾಜ್ಯ ಸರ್ಕಾರದ ಮೊದಲ ಅತ್ಯುತ್ತಮ ಚಿತ್ರ ಪ್ರಶಸ್ತಿ ಇದಕ್ಕೆ ಬಂತು. ಈ ಸಮೀಕ್ಷೆಯಲ್ಲಿ ಒಂದೇ ಚಿತ್ರ ಉಳಿಸಿಕೋ ಎಂದರೆ ನಾನು ಕೈಹಾಕುವುದು ಇದಕ್ಕೇ.

ಅಲ್ಲಿಂದ ಮುಂದಿನ ಹತ್ತು ಹನ್ನೆರಡು ವರ್ಷ ಬಲು ಸೊಗಸಾದ ಕಾಲ. ರಾಜೇಂದ್ರಸಿಂಗ್ ಬಾಬು 1981ರ ‘ಅಂತ’ದಲ್ಲಿ ಅಪರಾಧವನ್ನು ಅಧಿಕಾರದ ಕೋಣೆಗಳಲ್ಲೇ ತೋರಿಸಿದರು. ಅಂಬರೀಶ್ ಅವರ ಕನ್ವರ್‌ಲಾಲ್ ಇವತ್ತಿಗೂ ಹಳ್ಳಿಯ ಮಾತಿನಲ್ಲಿ ಬದುಕಿದ್ದಾನೆ. ಶಂಕರ್‌ನಾಗ್ 1985ರ ‘ಆಕ್ಸಿಡೆಂಟ್’ನಲ್ಲಿ ಫುಟ್‌ಪಾತಿನಲ್ಲಿ ಮಲಗಿದವರ ಸಾವಿನ ಹಿಂದೆ ಬಿದ್ದರು, 1988ರ ‘ಸಾಂಗ್ಲಿಯಾನ’ದಲ್ಲಿ ನಿಜ ಅಧಿಕಾರಿಯ ಹೆಸರನ್ನೇ ತೊಟ್ಟರು. ಸುನೀಲ್‌ಕುಮಾರ್ ದೇಸಾಯಿ 1989ರಲ್ಲಿ ಹಾಡೇ ಇಲ್ಲದ ‘ತರ್ಕ’ ತೆಗೆದು, ಮೌನವನ್ನು ನಂಬಿದರೂ ಜನ ಕೂತು ನೋಡುತ್ತಾರೆ ಎಂದು ತೋರಿಸಿಕೊಟ್ಟರು. 1993ರ ‘ನಿಷ್ಕರ್ಷ’ದಲ್ಲಿ ಮಣಿಪಾಲದ ಒಂದು ಕಟ್ಟಡ, ಒಂದು ಬ್ಯಾಂಕು, ಒಳಗೆ ಸಿಕ್ಕಿಬಿದ್ದ ಜನ, ಅಷ್ಟೇ. ವಿಷ್ಣುವರ್ಧನ್ ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಇಡೀ ಚಿತ್ರದ ಉಸಿರು ಇದೆ.

ಅದೇ ಹೊತ್ತಿಗೆ ಫಣಿ ರಾಮಚಂದ್ರ 1991ರಲ್ಲಿ ‘ಗೌರಿ ಗಣೇಶ’ ತಂದರು. ಮನೆಮಂದಿಯೆಲ್ಲ ಕೂತು ನಗುವ ಚಿತ್ರವೆಂದು ಅದನ್ನು ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಕಥೆಯ ಬುಡದಲ್ಲಿರುವುದು ಶುದ್ಧ ಅಪರಾಧ. ಸತ್ತುಹೋದ ಹುಡುಗಿಯೊಬ್ಬಳ ಡೈರಿ ಅನಂತನಾಗ್ ಪಾತ್ರವಾದ ಲಂಬೋದರನ ಕೈಗೆ ಸಿಗುತ್ತದೆ. ಅದನ್ನು ಹಿಡಿದು ಅವನು ಮೂವರು ಅನುಕೂಲಸ್ಥರನ್ನು ಬೇರೆಬೇರೆಯಾಗಿ ಬೆದರಿಸಿ ಹಣ ಕೀಳುತ್ತಾನೆ. ಕೋಪವಿಲ್ಲ, ಆಯುಧವಿಲ್ಲ. ಅನಂತನಾಗ್ ತಲೆ ತಗ್ಗಿಸಿ, ಮೆತ್ತಗಿನ ದನಿಯಲ್ಲಿ, ಎದುರಿನವನ ಮಾನ ಉಳಿಸುವವನಂತೆ ಮಾತಾಡುತ್ತಾರೆ. ಆ ವಿನಯವೇ ವಂಚನೆಯ ಹತಾರ. ಕನ್ನಡದ ವಂಚಕ ಪಾತ್ರಗಳಲ್ಲಿ ಇಷ್ಟು ನುಣುಪಾದದ್ದು ನನಗೆ ಬೇರೆ ಕಂಡಿಲ್ಲ.

1995ರಲ್ಲಿ ಉಪೇಂದ್ರರ ‘ಓಂ’ ಬಂತು, ಎಲ್ಲ ಬದಲಾಯಿತು. ಅರ್ಚಕರ ಮಗ ಸತ್ಯ ರೌಡಿಯಾಗುವ ಕಥೆ, ಶಿವರಾಜ್‌ಕುಮಾರ್ ಕಣ್ಣಿನ ಬೆಂಕಿ, ತೆರೆಯ ಮೇಲೆ ಬೆಂಗಳೂರಿನ ನಿಜ ರೌಡಿಗಳು. ಮತ್ತೆ ಮತ್ತೆ ಬಿಡುಗಡೆಯಾಗಿ ದಾಖಲೆ ಬರೆದ ಚಿತ್ರ. ‘ಓಂ’ ಊರನ್ನು ಹಿಡಿದಿತ್ತು, ಅದಕ್ಕೇ ಗೆದ್ದಿತು. ಹಿಂದೆ ಬಂದವರು ಊರನ್ನು ಬಿಟ್ಟು ಲಾಂಗು ಮಚ್ಚು ಮಾತ್ರ ಎತ್ತಿಕೊಂಡರು. ಆ ಕಾಲದ ಎಷ್ಟೋ ಚಿತ್ರಗಳು ಹೆಸರು ಬದಲಿಸಿದರೆ ಒಂದೇ. 2007ರ ‘ಆ ದಿನಗಳು’ ಆ ಗದ್ದಲದಿಂದ ಹೊರಬಂದ ಚಿತ್ರ. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಆಧಾರ, ಚಿತ್ರಕಥೆಯಲ್ಲಿ ಗಿರೀಶ ಕಾರ್ನಾಡರ ಕೈ, ಕೆ.ಎಂ. ಚೈತನ್ಯರ ನಿರ್ದೇಶನ. ಕೊಲ್ಲುವುದಕ್ಕಿಂತ ಕೊಲ್ಲುವ ಮೊದಲಿನ ಮಾತುಕತೆ ಹೆಚ್ಚು ಭಯ ಹುಟ್ಟಿಸುತ್ತದೆ ಎಂಬುದನ್ನು ಅದು ಬಲ್ಲದು. ಅದೇ ವರ್ಷ ಸೂರಿ ‘ದುನಿಯಾ’ದಲ್ಲಿ ಕಲ್ಲು ಒಡೆಯುವ ಹುಡುಗನನ್ನು ಬೆಂಗಳೂರಿಗೆ ತಂದರು. ಅವನಿಗೆ ಬೇಕಾಗಿದ್ದದ್ದು ತಾಯಿಗೊಂದು ಸಮಾಧಿ ಮಾತ್ರ. ಸೂರಿಯವರ 2018ರ ‘ಟಗರು’ ಕಥೆಯನ್ನು ಹಿಂದುಮುಂದಾಗಿ ಹೆಣೆಯಿತು, ಧನಂಜಯ ಅವರಿಗೆ ಡಾಲಿ ಎಂಬ ಹೆಸರನ್ನು ಶಾಶ್ವತ ಮಾಡಿತು. ನನಗೆ ಮಾತ್ರ ‘ದುನಿಯಾ’ದ ಆ ಬಡ ಹುಡುಗನೇ ಹೆಚ್ಚು ಹತ್ತಿರ.

ಈ ನಡುವೆ 2005ರಲ್ಲಿ ಪ್ರೇಮ್ ಅವರ ‘ಜೋಗಿ’. ನಾಯಕನ ಹೆಸರು ಮಾದೇಶ. ಮನೆಮನೆಯಲ್ಲೂ ಮಾದೇವ, ಮಾದಪ್ಪ, ಮಾದೇಶ ಇರುವ ನಮ್ಮ ಊರುಗಳಲ್ಲಿ ಈ ಹೆಸರು ತೆರೆಯ ಮೇಲೆ ಕೇಳಿದ್ದು ಎಂಥ ಸಂತೋಷವೆಂದು ಬೇರೆಯವರಿಗೆ ಹೇಳುವುದು ಕಷ್ಟ. ಊರು ಬಿಟ್ಟ ಮಗ ಬೆಂಗಳೂರಿನಲ್ಲಿ ಭೂಗತ ಲೋಕಕ್ಕೆ ಬೀಳುತ್ತಾನೆ. ಅವನನ್ನು ಹುಡುಕಿಕೊಂಡು ತಾಯಿ ಬರುತ್ತಾಳೆ, ಕೊನೆಗೆ ಯಾರದೋ ಹೆಣವೆಂದುಕೊಂಡು ಮಗ ಅದೇ ತಾಯಿಯ ಶವದ ಮುಂದೆ ಕುಣಿಯುತ್ತಾನೆ. ಅರುಂಧತಿ ನಾಗ್ ಆ ತಾಯಿಯಾಗಿ ಬೀದಿ ಬೀದಿ ಅಲೆಯುವಾಗ ನಮ್ಮ ಕಡೆಯಿಂದ ಗಾರ್ಮೆಂಟ್ಸಿಗೆ, ಕಟ್ಟಡ ಕೆಲಸಕ್ಕೆ ಬೆಂಗಳೂರು ಸೇರಿದ ಮಕ್ಕಳ ತಾಯಂದಿರೆಲ್ಲ ಕಂಡರು. ಮಚ್ಚಿನ ಚಿತ್ರಗಳ ಸಾಲಿನಲ್ಲಿ ಇದನ್ನು ತಳ್ಳಿಬಿಡುವವರ ಮಾತನ್ನು ನಾನು ಒಪ್ಪುವುದಿಲ್ಲ.

2014ರಿಂದ ಅಪರಾಧ ಚಿತ್ರ ಕರಾವಳಿಗೆ ಹೋಯಿತು. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ ಮಲ್ಪೆಯ ಒಂದು ಘಟನೆಯನ್ನು ಹಲವರ ಬಾಯಲ್ಲಿ ಹೇಳಿಸಿತು. ಆಗ ಗಲ್ಲಾಪೆಟ್ಟಿಗೆ ತುಂಬಲಿಲ್ಲ, ಆದರೆ ಆಮೇಲೆ ಬಂದ ಹುಡುಗರಿಗೆಲ್ಲ ಅದು ಪಾಠವಾಯಿತು. 2021ರಲ್ಲಿ ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ ಮಂಗಳಾದೇವಿಯ ಸುತ್ತಿನ ಮಂಗಳೂರನ್ನು ತೋರಿಸಿತು. ಈ ಚಿತ್ರದ ಒಂದು ದೃಶ್ಯದ ಮುಂದೆ ನಾನು ತುಂಬ ಹೊತ್ತು ನಿಲ್ಲಬೇಕು. ಕೊಲೆ ಮುಗಿಸಿದ ಶಿವ ಹುಲಿಕುಣಿತದ ಹೆಜ್ಜೆ ಹಾಕುತ್ತಾನೆ. ಹಿಂದೆ ಚೈತ್ರಾ ಆಚಾರ್ ದನಿಯಲ್ಲಿ ‘ಸೋಜುಗಾದ ಸೂಜುಮಲ್ಲಿಗೆ’. ಅದು ಮಲೆ ಮಹದೇಶ್ವರನ, ನಮ್ಮ ಮಾದಪ್ಪನ ಹಾಡು, ಬೆಟ್ಟಕ್ಕೆ ಪರಸೆ ಹೋಗುವವರ ನಾಲಗೆಯ ಮೇಲೆ ತಲೆಮಾರುಗಳಿಂದ ಇರುವ ಹಾಡು. ಕೊಲೆಗಾರನ ಕುಣಿತಕ್ಕೆ ದೇವರ ಪದ ಬಳಸಿದ್ದು ಸರಿಯಲ್ಲವೆಂದು ಭಕ್ತರಿಂದ ಆಕ್ಷೇಪ ಬಂತು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಆ ದೃಶ್ಯ ನೋಡಿದಾಗ ನನಗೆ ಅವಮಾನ ಅನ್ನಿಸಲಿಲ್ಲ. ಬಾವಿಯಲ್ಲಿ ಸಿಕ್ಕಿದ, ಯಾರೂ ಇಲ್ಲದ ಹುಡುಗನೊಬ್ಬ ಕೊಲ್ಲುವ ಗಳಿಗೆಯಲ್ಲೂ ಮಗುವೇ ಆಗಿ ಉಳಿದಿದ್ದಾನೆಂಬುದನ್ನು ಆ ದನಿ ತೋರಿಸಿತು. ಮಾದಪ್ಪನ ಕಾವ್ಯದಲ್ಲೇ ಕಡಿಮೆ ಘೋರವಿದೆಯೇ? ಶ್ರವಣ ದೊರೆಯನ್ನು ಉಪಾಯದಿಂದ ಕೊಲ್ಲುವ ಭಾಗವಿದೆ, ಹೆಂಡತಿಯ ಮೇಲೆ ಅನುಮಾನಪಟ್ಟು ಗಂಡ ಹಿಂಸೆ ಕೊಡುವ ಸಂಕಮ್ಮನ ಸಾಲಿದೆ. ಕಂಸಾಳೆಯವರು ಅದನ್ನು ಹಾಡುವಾಗ ಜನ ಅಳುತ್ತಾರೆ, ನಡುನಡುವೆ ಜೋರಾಗಿ ನಗುತ್ತಾರೆ ಕೂಡ.

ನಗುವಿನ ಕಡೆಯಲ್ಲಿ ಈ ಹತ್ತು ವರ್ಷ ನನಗೆ ತುಂಬ ಭರವಸೆ ಕೊಟ್ಟಿದೆ. 2019ರ ‘ಬೆಲ್ ಬಾಟಂ’ನಲ್ಲಿ ಜಯತೀರ್ಥ ಎಂಬತ್ತರ ದಶಕವನ್ನು ಬಣ್ಣಬಣ್ಣವಾಗಿ ಕಟ್ಟಿದರು. ಪೊಲೀಸ್ ಠಾಣೆಯಲ್ಲಿಟ್ಟ ಮಾಲೇ ಕಳುವಾಗುತ್ತದೆ, ಹುಡುಕಲು ಬರುವವನು ಪತ್ತೇದಾರಿ ಕಾದಂಬರಿ ಓದಿ ಬೆಳೆದ ದಿವಾಕರ. ಸಿಐಡಿ 999ರ ಮೇಲಿನ ಪ್ರೀತಿ ರಿಷಬ್ ಶೆಟ್ಟಿಯ ನಡಿಗೆಯಲ್ಲೇ ಇದೆ. 2023ರ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಒಂದು ರಾತ್ರಿ, ಒಂದು ಹಾಸ್ಟೆಲ್, ಒಬ್ಬ ವಾರ್ಡನ್ನಿನ ಸಾವು, ಇಷ್ಟರಲ್ಲೇ ಹೊಸ ಹುಡುಗರ ಗದ್ದಲ. ಸ್ವಲ್ಪ ಹೆಚ್ಚೇ ಕಿರುಚುತ್ತದೆ, ಆದರೆ ಉಸಿರು ಹೊಸದು. ಎಲ್ಲಕ್ಕಿಂತ ಮೇಲೆ ‘ತಿಥಿ’. ಮಂಡ್ಯದ ನೊದೆಕೊಪ್ಪಲಿನಲ್ಲಿ ಅಲ್ಲಿನ ಜನರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ, ಈರೇಗೌಡ ಕಟ್ಟಿದ ಈ ಚಿತ್ರ 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದು, ಮರುವರ್ಷ ಇಲ್ಲಿ ತೆರೆಕಂಡಿತು. ಬದುಕಿರುವ ಅಪ್ಪ ಗಡ್ಡಪ್ಪನನ್ನು ಕಾಗದದಲ್ಲಿ ಸಾಯಿಸಿ ಮಗ ಜಮೀನು ಮಾರಲು ಹೊರಡುತ್ತಾನೆ. ನಮ್ಮ ಹಳ್ಳಿಗಳಲ್ಲಿ ನಡೆಯುವ ನಿಜವಾದ ಅಪರಾಧ ಇದು: ಪಹಣಿ, ಖಾತೆ, ಸುಳ್ಳು ಸಹಿ.

ಈಗ ಕಾಡಿನ ಕಥೆ. ಗಂಧದ ಕಳ್ಳಸಾಗಣೆಯ ವೀರಪ್ಪನ್ ಹುಟ್ಟಿದ ಗೋಪಿನಾಥಂ ಇರುವುದು ಈಗಿನ ಹನೂರು ತಾಲ್ಲೂಕಿನಲ್ಲಿ. ದೇವರಾಜ್ ನಟಿಸಿದ ‘ವೀರಪ್ಪನ್’ 1991ರಲ್ಲೇ ಬಂತು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವನ ಕೈಯಲ್ಲಿ ಕೊಲೆಯಾದದ್ದು ಅದೇ ವರ್ಷದ ನವೆಂಬರಿನಲ್ಲಿ. ಮೀಣ್ಯಂ ಬಳಿ ಎಸ್ಪಿ ಹರಿಕೃಷ್ಣ, ಎಸ್ಐ ಶಕೀಲ್ ಅಹ್ಮದ್ ಹತರಾದದ್ದು 1992ರ ಆಗಸ್ಟ್ 14ರಂದು, ಪಾಲಾರ್ ಸ್ಫೋಟ 1993ರ ಏಪ್ರಿಲ್‌ನಲ್ಲಿ. 2000ದ ಜುಲೈ 30ರಂದು ಗಾಜನೂರಿನಿಂದ ರಾಜ್‌ಕುಮಾರ್ ಅಪಹರಣವಾಯಿತು. ಅವರು ಪೊಲೀಸ್ ಅಧಿಕಾರಿಯಾಗಿ ನಟಿಸಿದ ಕೊನೆಯ ಚಿತ್ರ ‘ಶಬ್ದವೇಧಿ’ ತೆರೆಗೆ ಬಂದದ್ದೂ ಅದೇ ವರ್ಷ. 108 ದಿನಗಳ ಮೇಲೆ ಅವರು ಮನೆಗೆ ಮರಳಿದರು. 2002ರಲ್ಲಿ ಕಾಮಗೆರೆಯಿಂದ ಹೊತ್ತೊಯ್ದ ಮಾಜಿ ಸಚಿವ ಎಚ್. ನಾಗಪ್ಪ ಮರಳಲಿಲ್ಲ.

2013ರಲ್ಲಿ ಎ.ಎಂ.ಆರ್. ರಮೇಶ್ ‘ಅಟ್ಟಹಾಸ’ ತಂದರು, 2016ರಲ್ಲಿ ರಾಮ್‌ಗೋಪಾಲ್ ವರ್ಮ ‘ಕಿಲ್ಲಿಂಗ್ ವೀರಪ್ಪನ್’. ಮೊದಲನೆಯದರಲ್ಲಿ ವೀರಪ್ಪನ್ ಆದ ಕಿಶೋರ್ ಅಭಿನಯ ಅದ್ಭುತ. ಎರಡನೆಯದರಲ್ಲಿ ಅಪ್ಪನನ್ನು ಅಪಹರಿಸಿದವನ ಬೇಟೆಗೆ ಶಿವರಾಜ್‌ಕುಮಾರ್ ಹೊರಡುವುದನ್ನು ನೋಡುವಾಗ ಸಿನಿಮಾದ ಆಚೆಗಿನ ನಡುಕವೊಂದು ಬರುತ್ತದೆ. ಆದರೆ ಎರಡೂ ಚಿತ್ರ ಬೇಟೆಗಾರ ಮತ್ತು ಬೇಟೆಯ ನಡುವೆ ಮಾತ್ರ ಓಡಾಡುತ್ತವೆ. ಹಗಲು ಪೊಲೀಸರಿಗೂ ಇರುಳು ವೀರಪ್ಪನ್‌ಗೂ ಉತ್ತರ ಹೇಳಬೇಕಾದ ಹಳ್ಳಿಯವನು ಅಲ್ಲಿ ಅಂಚಿನಲ್ಲಿ ಬಂದುಹೋಗುತ್ತಾನೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ವೀರಪ್ಪನ್ ಬೇಟೆಗಿದ್ದ ಪೊಲೀಸ್ ಕಾರ್ಯಪಡೆಯ ‘ವರ್ಕ್‌ಶಾಪ್’ ಎಂದು ಜನ ಕರೆಯುತ್ತಿದ್ದ ವಿಚಾರಣೆಯ ಜಾಗ, ಅಲ್ಲಿಗೆ ಹೋಗಿಬಂದವರು ಕಾರ್ಯಪಡೆಯ ಮೇಲಿನ ದೂರು ಕೇಳಿದ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಹೇಳಿದ್ದು ಇವು ಕನ್ನಡ ತೆರೆಗೆ ಇನ್ನೂ ಸರಿಯಾಗಿ ಬಂದಿಲ್ಲ. ತಮಿಳಿನಲ್ಲಿ ಎಸ್. ಬಾಲಮುರುಗನ್ 2004ರಲ್ಲೇ ‘ಸೋಳಗರ್ ತೊಟ್ಟಿ’ ಕಾದಂಬರಿ ಬರೆದು ಈ ಕಾಡಿನ ಬುಡಕಟ್ಟಿನವರಾದ ಸೋಲಿಗರ ಕಡೆಯಿಂದ ಆ ಕಾಲವನ್ನು ನೋಡಿದರು. ಗೋಪಿನಾಥಂನ ಜನರ ನಡುವೆ ಇದ್ದು, ಅವರಿಗೆ ಔಷಧ ಕೊಟ್ಟು, ಗುಡಿ ಕಟ್ಟಿಸಿ, ಮಾತಿನಿಂದಲೇ ವೀರಪ್ಪನ್‌ನನ್ನು ಶರಣಾಗಿಸಬಹುದೆಂದು ನಂಬಿ ಸತ್ತ ಶ್ರೀನಿವಾಸರನ್ನೇ ನಡುವಿಟ್ಟುಕೊಂಡ ಚಿತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಮಾಡುವವರು ಬಂದರೆ ನುಡಿ ಸಿದ್ಧವಾಗಿದೆ. ‘ಊರ್ಗ ಹೋಗ್ಬತ್ತೀನಿ ಕನಪ್ಪ’ ಎನ್ನುವ ನಮ್ಮ ಮಾತನ್ನು ಈವರೆಗೆ ಹೆಚ್ಚಾಗಿ ಪೆದ್ದನ ಬಾಯಿಗೆ ಹಾಕಿದ್ದಾರೆ. ಅದೇ ಮಾತಿನಲ್ಲಿ ಒಬ್ಬ ಹೆಡ್ ಕಾನ್‌ಸ್ಟೇಬಲ್ ತನಿಖೆ ಮಾಡಲಿ, ಒಬ್ಬಳು ಸೋಲಿಗ ಹೆಂಗಸು ಸಾಕ್ಷಿ ಹೇಳಲಿ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕದ ಮೋಸ ಹಿಡಿಯುವ ರೈತ ನಗಿಸಲಿ. ಪಾತ್ರಧಾರಿಗಳನ್ನು ಬೆಂಗಳೂರಿನಿಂದ ಕರೆತರಬೇಕಾಗಿಲ್ಲ. ‘ತಿಥಿ’ಯವರು ಮಾಡಿದಂತೆ ಹನೂರು, ರಾಮಾಪುರ, ಯಳಂದೂರಿನ ಬೀದಿಗಳಲ್ಲೇ ಹುಡುಕಿದರೆ ಸಾಕು.