ಚೆರ್ರಿಮರವೂ ರಾಕೆಟ್ಟೂ

ಅಂತರಿಕ್ಷಯಾನವು ಮಹಾನಗರಗಳ ಯಂತ್ರಶಾಲೆಗಳಲ್ಲಿ ಜನಿಸಿತೆಂದು ನಾವು ಭಾವಿಸುವುದುಂಟು. ಅದರ ಪೂರ್ವಚರಿತ್ರೆಯಾದರೋ ಬೇರೆ ತೆರನಾಗಿದೆ. ಅಮೆರಿಕದ ವೂಸ್ಟರ್ ಪಟ್ಟಣದಲ್ಲಿ ೧೮೯೯ನೆಯ ಇಸವಿ ಅಕ್ಟೋಬರ್ ೧೯ರಂದು, ರಾಬರ್ಟ್ ಗಾಡರ್ಡ್ ಎಂಬ ಹದಿನೇಳು ವರ್ಷದ ತರುಣನು ಒಣಗಿದ ಕೊಂಬೆಗಳನ್ನು ಕಡಿಯಲೆಂದು ಚೆರ್ರಿಮರವನ್ನೇರಿದನು. ಅಲ್ಲಿಂದ ಹೊಲಗಳನ್ನು ನೋಡುತ್ತಿರಲು, ಮಂಗಳಗ್ರಹಕ್ಕೆ ಏರಬಲ್ಲ ಯಂತ್ರವೊಂದರ ಕಲ್ಪನೆಯು ಅವನಿಗೆ ಹೊಳೆಯಿತು. ಆ ದಿನವನ್ನು ಅವನು ಬಾಳಿನುದ್ದಕ್ಕೂ ಪರ್ವದಿನದಂತೆ ಸ್ಮರಿಸಿದನು.

ಮುಂದೆ ಭೌತಶಾಸ್ತ್ರದ ಪ್ರಾಧ್ಯಾಪಕರಾದ ಗಾಡರ್ಡರ ರಾಕೆಟ್ ವಿಚಾರವನ್ನು ೧೯೨೦ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಪರಿಹಾಸ ಮಾಡಿತು. ಆದರೆ ಆಬರ್ನ್ ಗ್ರಾಮದಲ್ಲಿದ್ದ ಬಂಧು ಎಫೀ ವಾರ್ಡ್ ಎಂಬಾಕೆಯು ತನ್ನ ಹೊಲವನ್ನೇ ಪ್ರಯೋಗಕ್ಕೆ ಬಿಟ್ಟುಕೊಟ್ಟಳು. ಅಲ್ಲಿ ೧೯೨೬ರ ಮಾರ್ಚ್ ೧೬ರಂದು, ಪೆಟ್ರೋಲನ್ನು ದ್ರವರೂಪದ ಆಮ್ಲಜನಕದೊಡನೆ ಉರಿಸುವ ಜಗತ್ತಿನ ಪ್ರಥಮ ರಾಕೆಟ್ಟು ಮೇಲೆದ್ದಿತು. ಹಾರಿದುದು ಎರಡೂವರೆ ಸೆಕೆಂಡು; ಏರಿದುದು ೪೧ ಅಡಿ; ಬಿದ್ದುದು ೧೮೪ ಅಡಿಗಳಾಚೆ, ಎಲೆಕೋಸಿನ ಪಾತಿಯಲ್ಲಿ.

೧೯೨೯ರ ಜುಲೈ ತಿಂಗಳ ಪ್ರಯೋಗದ ಆರ್ಭಟಕ್ಕೆ ನೆರೆಹೊರೆಯವರು ಬೆದರಿದರು, ಅಧಿಕಾರಿಗಳು ನಿಷೇಧವಿಧಿಸಿದರು. ಮರುವರ್ಷ ಗಾಡರ್ಡರು ನ್ಯೂಮೆಕ್ಸಿಕೋದ ಬಯಲಿಗೆ ತೆರಳಿದರು, ೧೯೪೫ರಲ್ಲಿ ಕಾಲವಶರಾದರು.

೧೯೬೯ರಲ್ಲಿ ಮಾನವನು ಚಂದ್ರನತ್ತ ಪಯಣಿಸುತ್ತಿರಲು, ಆ ಪತ್ರಿಕೆಯು ತನ್ನ ತಪ್ಪನ್ನು ಒಪ್ಪಿಕೊಂಡಿತು. ಹೊಲವನ್ನಿತ್ತ ಗೃಹಿಣಿಯು ಅಷ್ಟು ಕಾಲ ಕಾದಿರಲಿಲ್ಲ. ವಿದ್ಯೆಯ ಇತಿಹಾಸವನ್ನು ಬರೆಯುವವರು ಇಂತಹ ನೆಲವನ್ನೂ ನೆನೆಯುವುದು ಉಚಿತವಲ್ಲವೆ?